ಫೈಲಿನಿಂದ ತೆಗೆದ ಹಾಳೆ

ಮಲ್ಲಪ್ಪನವರೇ, ಆಸ್ಪತ್ರೆಯಲ್ಲಿ ನಿಮಗೆ ಬಂದ ಆ ಚಳಿಜ್ವರ ನನ್ನ ಕೈಯಿಂದ ಬಂದದ್ದು. ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ. ‘ಏನಂದ್ರಿ? ಜೋರ್ ಹೇಳ್ರಿ’ ಅಂದಿರಿ. ಮಾರ್ಕೆಟ್ ಯಾರ್ಡಿನ ನಡುವೆ ನಿಂತು ಅಂಥ ಮಾತನ್ನು ಜೋರಾಗಿ ಹೇಳಲು ನನಗಾಗಲಿಲ್ಲ — ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಣ್ಣ ಬಸಣ್ಣನನ್ನು ನಿಮ್ಮ ಪಕ್ಕದ ಹಾಸಿಗೆಗೆ ತರುವ ಮೊದಲು ಬೇರೊಂದು ಆಸ್ಪತ್ರೆಯಲ್ಲಿ ಇಟ್ಟಿದ್ದೆ. ಅಲ್ಲಿ ಕೊಟ್ಟ ಫೈಲಿನಲ್ಲಿ ಒಂದು ಹಾಳೆ: ಇವರ ಮೂತ್ರದಲ್ಲಿ ಸಾಮಾನ್ಯ ಔಷಧಿಗಳಿಗೆ ಬಗ್ಗದ ರೋಗಾಣು ಇದೆ, ಬೇರೆ ರೋಗಿಗಳಿಂದ ದೂರ ಇಡಿ. ಇದನ್ನು ಕಂಡು ನಿಮ್ಮ ಆಸ್ಪತ್ರೆಯವರು ಪ್ರತ್ಯೇಕ ಕೋಣೆ ಖಾಲಿಯಿಲ್ಲವೆಂದು ಬಾಗಿಲಿನಿಂದಲೇ ವಾಪಸು ಕಳಿಸಿದರೆ? ಮೂವತ್ತು ವರ್ಷ ದಾಳಿಂಬೆ ಮಾರಿದವನು ನಾನು. ಪೆಟ್ಟಿಗೆಯಲ್ಲಿ ಯಾವ ಹಣ್ಣು ಮೇಲಿರಬೇಕು, ಯಾವುದು ತಳ ಸೇರಬೇಕು ಎಂದು ನನ್ನ ಕೈಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿದೆ.

ಮರಾಠಿಯವರೇ ತುಂಬಿದ ಆ ವಾರ್ಡಿನ ಸುನಂದಾ ಸಿಸ್ಟರ್ ಸೊಲ್ಲಾಪುರದವರು. ನಮ್ಮ ಮಾತು ಕೇಳಿ ಕನ್ನಡದಲ್ಲೇ ಕೇಳಿದರು. ‘ಇದಕ್ಕ ಮೊದಲ ಎಲ್ಲೆರ ಅಡ್ಮಿಟ್ ಇದ್ರೇನ್ರಿ?’

‘ಇಲ್ರಿ. ಸೀದಾ ಮನಿಯಿಂದ.’

ಆಮೇಲೆ ನನ್ನ ಉಪಚಾರ ನೋಡಬೇಕಿತ್ತು! ಅಣ್ಣನ ಮೂತ್ರದ ಚೀಲ ಬರಿದು ಮಾಡಿ, ಕೈಯನ್ನು ಟವೆಲಿಗೆ ಒರೆಸಿ, ನಿಮ್ಮ ದಿಂಬು ಸರಿಸಿ, ತೊಡಕಾದ ನಿಮ್ಮ ಮೂತ್ರದ ನಳಿಕೆ ಬಿಡಿಸಿ — ಕೊನೆಗೆ ದಾಳಿಂಬೆ ಒಡೆದು ಕಾಳು ನಿಮ್ಮ ಅಂಗೈಗೆ. ರುಚಿ ತೋರಿಸದೆ ಗಿರಾಕಿಯನ್ನು ಬಿಟ್ಟು ಗೊತ್ತಿಲ್ಲದ ಕೈ.

‘ಮಾಮಾ, ಕೈ! ಒಂದ್ ಹಾಸಿಗಿ ಬಿಟ್ಟು ಇನ್ನೊಂದ ಮುಟ್ಟೂ ಮೊದಲ ತೊಳೀಬೇಕ್ರಿ’ ಎಂದು ಸಿಸ್ಟರ್ ದಿನಾ ಗದರುತ್ತಿದ್ದರು.

‘ಮುಂಜಾನೆ ಜಳಕಾ ಮಾಡೇ ಬಂದೀನಿ, ತಾಯಿ.’

ನೀವೂ ನನ್ನ ಪರ ನಿಂತಿರಿ. ‘ಬಿಡವಾ, ಯಾಪಾರಸ್ಥನ ಕೈ ಅದು. ಗಿರಾಕಿ ಬಿಟ್ರ ಮತ್ತೇನೂ ಅಂಟೂದಿಲ್ಲ.’

ಐದನೆಯ ದಿನ ಚಳಿಜ್ವರಕ್ಕೆ ನಿಮ್ಮ ಮಂಚವೇ ನಡುಗಿತು. ಔಷಧಿ ನಾಟಲಿಲ್ಲ. ನಿಮ್ಮ ಮನೆಯವರು ನನ್ನ ಕಡೆ ತಿರುಗಿ, ‘ನೀವರ ಡಾಕ್ಟರಿಗೆ ಹೇಳ್ರಿ ಅಣ್ಣಾ, ನಿಮ್ಮ ಮಾತು ಭಾಳ ನಡೀತದ’ ಎಂದರು. ನನ್ನ ಮಾತು — ಅದೇ ಮಾತು ನಡೆದದ್ದರಿಂದಲೇ ಅಲ್ಲವೇ...

ಹೊರಗೆ ಹೋಗಿ ಸಿಸ್ಟರ್ ಕೈಗೆ ಹಾಳೆ ಕೊಟ್ಟೆ. ಬೈಗುಳಕ್ಕೆ ಕಾದು ನಿಂತೆ. ‘ವಾರ್ಡಿನ್ಯಾಗ ಇನ್ನ ಎಂಟ್ ಮಂದಿ ಅದಾರ, ಮಾಮಾ. ಇವತ್ತರ ಕೊಟ್ರಿ’ — ಅಷ್ಟೇ ಅಂದು ಓಡಿದರು. ಯಾವ ಇಂಜೆಕ್ಷನ್ ಇನ್ನೂ ನಾಟುತ್ತದೆ ಎಂದು ಆ ಹಾಳೆಯಲ್ಲಿತ್ತು. ಅಂದೇ ಮಧ್ಯಾಹ್ನ ನಿಮಗೆ ಶುರುವಾಯಿತು. ಅಣ್ಣನಿಗೂ ಮೂಲೆಯ ಕೋಣೆಯೊಂದನ್ನು ಹೇಗೋ ತೆರವು ಮಾಡಿಕೊಟ್ಟರು — ಬೇಕೆಂದು ನಾನು ಬಾಯಿಬಿಟ್ಟು ಕೇಳಿಯೇ ಇರದ ಕೋಣೆ. ಮಂಚ, ಬಾಗಿಲ ಹಿಡಿಕೆ ಎಲ್ಲ ಒರೆಸಿದರು, ಎಲ್ಲರ ತಪಾಸಣೆ ಮಾಡಿದರು. ನಿಮ್ಮಲ್ಲೂ ಅಣ್ಣನಲ್ಲೂ ಅದೇ ರೋಗಾಣು. ಉಳಿದ ಎಂಟು ಮಂದಿಯನ್ನು ಅದು ಮುಟ್ಟಲಿಲ್ಲ. ಆ ಸಂಜೆ ಸಿಸ್ಟರ್ ನನ್ನನ್ನು ನಲ್ಲಿಯ ಮುಂದೆ ನಿಲ್ಲಿಸಿ ಬೆರಳ ಸಂದಿ, ಉಗುರು, ಹೆಬ್ಬೆರಳು ತಿಕ್ಕುವುದನ್ನು ಕಲಿಸಿದರು. ನನ್ನ ಅಣ್ಣ ಬದುಕಿದ್ದಾನೆ, ನೀವು ಬದುಕಿದ್ದೀರಿ — ಆ ತಾಯಿಯ ಋಣ ನಾನು ಯಾವ ಜನ್ಮದಲ್ಲಿ...

ಆದರೆ ನಿಮ್ಮನ್ನು ಉಳಿಸಿದ ಆ ಇಂಜೆಕ್ಷನ್ನೇ ನಿಮ್ಮ ಕಿವಿಯನ್ನು ತಿಂದಿತು. ಹಾಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಬೇರೆ ದಾರಿ ಇರಲಿಲ್ಲ. ಆಸ್ಪತ್ರೆಯ ಸೋಂಕು ಎಂದು ನಿಮಗೆ ತಿಳಿಸಿದರು, ಯಾರಿಂದ ಎಂದು ಹೇಳಲಿಲ್ಲ. ‘ಪೇಷಂಟಿನ ಮಾತು ನಾ ಹೊರಗ ಹಾಕಂಗಿಲ್ರಿ. ನಿಮ್ಮದು ನೀವ ಹೇಳಬೇಕು’ ಎಂದರು ಸಿಸ್ಟರ್. ನಾನು ಹೇಳಲಿಲ್ಲ. ನೀವೋ, ದಾಳಿಂಬೆ ತಿನ್ನಿಸಿ ಬದುಕಿಸಿದ ಪುಣ್ಯಾತ್ಮ ಎಂದು ನಿಮ್ಮ ಖಡಕಿಯ ಓಣಿಗೆಲ್ಲ ನನ್ನನ್ನು ಪರಿಚಯಿಸಿದಿರಿ!

ಈಗ ಯಾರ್ಡಿನಲ್ಲಿ ಯಾರು ಆಸ್ಪತ್ರೆಗೆ ಹೊರಟರೂ ತಡೆದು ನಿಲ್ಲಿಸುತ್ತೇನೆ: ಹಳೆಯ ಹಾಳೆಯೆಲ್ಲ ಒಯ್ಯಿರಿ, ಕೆಟ್ಟ ಸುದ್ದಿಯ ಹಾಳೆ ಎಲ್ಲಕ್ಕಿಂತ ಮೇಲಿರಲಿ; ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈ ತೊಳೆಯಿರಿ; ಪಕ್ಕದ ಹಾಸಿಗೆಯವರನ್ನು ಮಾತಿನಿಂದಷ್ಟೇ ಪ್ರೀತಿಸಿರಿ. ಊರಿಗೆಲ್ಲ ಹೇಳಿದ್ದನ್ನು ನಿಮಗೊಬ್ಬರಿಗೇ ಹೇಳಿರಲಿಲ್ಲ.

ಭಾನುವಾರ ಈ ಕಾಗದ ಹಿಡಿದು ನಾನೇ ಬರುತ್ತೇನೆ. ಹಣ್ಣಿನ ಪೆಟ್ಟಿಗೆ ತರುವುದಿಲ್ಲ. ನೀವು ಓದಿ ಮುಗಿಸುವವರೆಗೆ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಕರೆದರೆ ಒಳಗೆ ಬರುತ್ತೇನೆ.