ರಾಜೇಂದ್ರನ ಭಾನುವಾರದ ಕೋಟೆ

ಚಂದಾಪುರದ ರಾಜೇಂದ್ರನಿಗೆ ಅಪ್ಪ ದೊಡ್ಡಮುನಿಯಪ್ಪ ಬಿಟ್ಟುಹೋದದ್ದು ನಾಲ್ಕು ಮಹಡಿಯ ಬಾಡಿಗೆ ಕಟ್ಟಡ, ಒಂದು ಹಳೆಯ ಬುಲೆಟ್ ಮತ್ತು ಎದುರಿಗಿದ್ದವರನ್ನು ಮೇಲಿಂದ ಕೆಳಗೆ ಅಳೆಯುವ ಕಣ್ಣು. ಇಂಜಿನಿಯರಿಂಗ್ ಅರ್ಧಕ್ಕೇ ಕೈಬಿಟ್ಟಿದ್ದ. ಕೆಲಸ ಅಂತ ಇದ್ದದ್ದು ಬೆಳಿಗ್ಗೆ ಮೋಟರ್ ಹಾಕಿ ಟ್ಯಾಂಕ್ ತುಂಬಿಸುವುದು, ಯಾರಾದರೂ ಖಾಲಿ ಮಾಡಿದರೆ ಗೇಟಿಗೆ ಟು-ಲೆಟ್ ಬೋರ್ಡ್ ನೇತುಹಾಕುವುದು. ಭಾನುವಾರ ಬೆಳಿಗ್ಗೆ ಮಾತ್ರ ಟೆರೇಸ್ ಮೇಲಿನ ರೂಮಿನಲ್ಲಿ ಅವನು ಒಂದು ರಾಜ್ಯಕ್ಕೇ ದೇವರಾಗುತ್ತಿದ್ದ. ಅವನ ಬಗ್ಗೆ ನಾನು ನಾಲ್ಕು ಒಳ್ಳೆಯ ಮಾತು ಬರೆಯುತ್ತೇನೆಂದು ಯಾರೂ ಕಾಯಬೇಡಿ. ಅವನ ಹೆಸರೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅದು ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾ ಹೋಗಬೇಕು. ಅದು ಕೈಗೂಡುತ್ತದೋ ಇಲ್ಲವೋ ಎಂಬುದು ದಾಳಕ್ಕೆ ಬಿಟ್ಟದ್ದು. ಉಳಿದ ಲೋಕವನ್ನೆಲ್ಲ ನಡೆಸುವವನು ಒಬ್ಬನೇ, ಆ ಒಬ್ಬ ಯಾವಾಗಲೂ ರಾಜೇಂದ್ರ. ಯಾರೋ ಅಮೆರಿಕದಿಂದ ತಂದುಕೊಟ್ಟ ಪುಸ್ತಕವನ್ನು ಓದಿ, ಅದರ ರಾಜರನ್ನೆಲ್ಲ ಪಾಳೇಗಾರರಾಗಿ ಬದಲಾಯಿಸಿಕೊಂಡಿದ್ದ. ಆಡುತ್ತಿದ್ದವರೆಲ್ಲ ಅವನ ಬಾಡಿಗೆಯವರೇ: ಎರಡನೇ ಮಹಡಿಯ ಗಂಡ ಹೆಂಡತಿ ದೀಪು, ಕೃಪಾ, ಮತ್ತು ಮೂರನೇ ಮಹಡಿಯಲ್ಲಿ ಅಮ್ಮನ ಜೊತೆಗಿದ್ದ ನಾನು, ವೇಣಿ. ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಯಲ್ಲಿ ವಾರವಿಡೀ ಬಿಡಿಭಾಗಗಳನ್ನು ಪರೀಕ್ಷಿಸುತ್ತಿದ್ದವಳಿಗೆ ಆ ಭಾನುವಾರ ನಿಜಕ್ಕೂ ಇಷ್ಟವಾಗುತ್ತಿತ್ತು.

ರಾಜೇಂದ್ರನದು ಒಂದೇ ಹಟ. ಪಾತ್ರಕ್ಕೆ ಯಾವ ವಿದ್ಯೆ ಬೇಕೆಂದರೂ ಅದಕ್ಕೆ ಹಿನ್ನೆಲೆ ಹೇಳಬೇಕು. "ಎಲ್ಲಿ ಕಲಿತ? ಯಾರು ಕಲಿಸಿದ್ರು? ಸುಮ್ನೆ ಯಾಕ್ ಕಲಿಸ್ತಾರೆ?" ಎಂದು ಕೇಳಿ ಕೇಳಿ ದೀಪುವಿನ ಕುಂಬಾರರ ಹುಡುಗನಿಗೆ ಕುದುರೆ ಸವಾರಿ ಕೊಡಲೇ ಇಲ್ಲ. ನಿಯಮ ಕೆಟ್ಟದ್ದೇನಲ್ಲ. ಅದನ್ನು ಅವನು ಕಲಿತದ್ದು ಮಾತ್ರ ಆ ಪುಸ್ತಕದಿಂದಲ್ಲ. ನಾವು ಮನೆ ನೋಡಲು ಹೋದಾಗ ಅವನ ತಾಯಿ ಈಶ್ವರಮ್ಮ ಗೇಟಿನಲ್ಲೇ ನಿಲ್ಲಿಸಿ ಕೇಳಿದ್ದರು.

"ಯಾವೂರವ್ವಾ? ಯಜಮಾನ್ರು ಏನ್ ಮಾಡ್ತಿದ್ರು? ನೀವು ಯಾವ ಜನ?"

ಅದಕ್ಕೆ ಮೊದಲು ನೋಡಿದ ಮನೆಗಳಲ್ಲಿ ನಿಜ ಹೇಳಿ ಬಾಗಿಲು ಮುಚ್ಚಿಸಿಕೊಂಡಿದ್ದೆವು. ಈ ಸಲ ಅಮ್ಮ ಬೇರೆ ಜಾತಿಯ ಹೆಸರು ಹೇಳಿದಳು. ನನಗೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಬೀದಿ ಬೀದಿ ಸುತ್ತಿದವರು ಬೇಕಾದರೆ ನನಗೆ ಬುದ್ಧಿ ಹೇಳಲಿ.

ಒಂದು ಭಾನುವಾರ ಹೊಸ ಪಾತ್ರ ಮಾಡಿದೆ. ಕೋಟೆಯ ಬುರುಜಿನ ಮೇಲೆ ನಿಂತು ತಮಟೆ ಬಡಿದು ಊರನ್ನು ಎಚ್ಚರಿಸುವ ಹೆಂಗಸು. ರಾಜೇಂದ್ರ ನಕ್ಕ.

"ಹೆಂಗಸು ತಮಟೆ ಹೊಡಿತಾಳಾ? ಹಿನ್ನೆಲೆ ಹೇಳು. ಇಲ್ಲಾಂದ್ರೆ ಸ್ಕಿಲ್ ಇಲ್ಲ."

ನನಗೆ ರೇಗಿಹೋಯಿತು. ಹೇಳಿಬಿಟ್ಟೆ. ಚರ್ಮ ಸಡಿಲವಾದಾಗ ಅವಳ ಅಪ್ಪ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಸುತ್ತಿದ್ದದ್ದು, ಹೆಣದ ಮುಂದಿನ ಬಡಿತ ಬೇರೆ, ದೇವರ ಮುಂದಿನ ಬಡಿತ ಬೇರೆ ಎಂದು ತೊಡೆಯ ಮೇಲೆ ಬಡಿದು ಕಲಿಸಿದ್ದು, ಅವನ ಕೈ ಬಿದ್ದುಹೋದ ವರ್ಷ ಮಗಳೇ ಕೋಲು ಹಿಡಿದದ್ದು. ಕಟ್ಟಿದ ಕಥೆ ಅದರಲ್ಲಿ ಒಂದು ಚೂರೂ ಇರಲಿಲ್ಲ. ನಮ್ಮ ಅಪ್ಪನನ್ನೇ ತಂದು ಆ ಮೇಜಿನ ಮೇಲೆ ಕೂರಿಸಿದ್ದೆ.

"ಸಕ್ಕತ್ ಗುರು! ಹಿನ್ನೆಲೆ ಅಂದ್ರೆ ಇದು!" ಎಂದು ರಾಜೇಂದ್ರ ಚಪ್ಪಾಳೆ ತಟ್ಟಿದ. ತಮಟೆಗೆ ಇದ್ದಷ್ಟೂ ಅಂಕ ಕೊಟ್ಟ.

ಮಾರನೆಯ ದಿನ ಈಶ್ವರಮ್ಮ ಮೇಲೆ ಬಂದರು. ಯಾವಾಗಲೂ ಸೀದಾ ಒಳಗೆ ಬಂದು ಕಾಫಿ ಕೇಳುತ್ತಿದ್ದವರು ಹೊಸಿಲಾಚೆಯೇ ನಿಂತರು.

"ನನ್ ಮಗ ನಿನ್ ಕತೆ ಯೋಳ್ದ ಕಣವ್ವಾ. ಅಂಗೆಲ್ಲಾ ಸುಮ್ಸುಮ್ನೆ ಯಾರ್ಗೂ ಗೊತ್ತಿರಾಕಿಲ್ಲ. ನಮ್ಮಣ್ಣನ ಮಗ ಬತ್ತಾವ್ನೆ, ಈ ತಿಂಗ್ಳೇ ಮನೆ ಖಾಲಿ ಮಾಡ್ಬುಡಿ."

ಅಮ್ಮ ಒಳಗೆ ಹೋಗಿ ಅಟ್ಟದಿಂದ ಗೋಣಿಚೀಲ ಎಳೆದುಕೊಂಡಳು.

ರಾಜೇಂದ್ರ ಕೆಳಗೆ ಮೋಟರ್ ಹತ್ತಿರ ಸಿಕ್ಕಿದ. "ನೀನೇ ಹೇಳಿದ್ಯಾ?" ಎಂದೆ.

"ಕತೆ ಚೆನ್ನಾಗಿತ್ತು ಅಂತ ಹೇಳ್ದೆ ಅಷ್ಟೇ. ಅಮ್ಮ ಹಳೇ ಕಾಲದೋರು, ನಾನೇನ್ ಮಾಡ್ಲಿ? ನಂಗೆ ಅದೆಲ್ಲ ಏನಿಲ್ಲ ವೇಣಿ. ಭಾನುವಾರ ಮರೀದೆ ಬಾ, ಮುತ್ತಿಗೆ ಇದೆ. ತಮಟೆಯವಳು ಇಲ್ದಿದ್ರೆ ಕೋಟೆ ಉಳಿಯಲ್ಲ."

ಕಟ್ಟಡ ಇದ್ದದ್ದು ಅವನ ಹೆಸರಿನಲ್ಲಿ. ತನ್ನ ಅಮ್ಮನಿಗೆ ಒಂದು ಮಾತು ಹೇಳಲು ಬಾಯಿಲ್ಲದವನು ಆಟಕ್ಕೆ ಕರೆಯುತ್ತಿದ್ದ.

ಹೋದೆ. ದೀಪು, ಕೃಪಾಗೆ ಎಲ್ಲ ಗೊತ್ತಿತ್ತು. "ಮನೆ ಸಿಕ್ತಾ?" ಎಂದು ಕೃಪಾ ಮೆಲ್ಲಗೆ ಕೇಳಿದವಳು ಉತ್ತರಕ್ಕೂ ಕಾಯದೆ ದಾಳ ಜೋಡಿಸತೊಡಗಿದಳು.

ರಾಜೇಂದ್ರನಿಗೆ ಆ ಲೋಕದಲ್ಲಿ ಒಬ್ಬ ಮುದ್ದಿನ ವ್ಯಕ್ತಿಯಿದ್ದ, ಕೋಟೆಯ ಮುದಿ ದಳವಾಯಿ. ಅವನ ಮಾತನ್ನು ದನಿ ಬದಲಿಸಿ ಆಡುತ್ತಿದ್ದ, ಅವನಿಗೆ ಗಾಯವಾದರೆ ಮುಖ ಸಣ್ಣ ಮಾಡುತ್ತಿದ್ದ. ಆ ದಿನ ದಳವಾಯಿ ನಿದ್ದೆಯಲ್ಲಿದ್ದ. ಶತ್ರುಗಳು ಹಿಂದಿನ ಗೋಡೆಗೆ ಏಣಿ ಹಾಕಿದ್ದರು. ನೋಡಿದವಳು ಬುರುಜಿನ ಮೇಲಿದ್ದ ಹೆಂಗಸು ಒಬ್ಬಳೇ.

"ತಮಟೆ ಹೊಡಿ. ದಾಳ ಹಾಕು," ಎಂದ.

"ಹೊಡೆಯಲ್ಲ."

"ಏಯ್, ಅವಳು ಯಾಕ್ ಹೊಡೆಯಲ್ಲ? ಹಿನ್ನೆಲೆ ಬೇಡ್ವಾ?"

"ನಿನ್ನೆ ಕೋಟೆಯವರು ಅವಳಿಗೆ ಊರು ಬಿಡು ಅಂದಿದಾರೆ. ಯಾರ ಮಗಳು ಅಂತ ಅವರಿಗೆ ಗೊತ್ತಾಯ್ತು. ಅವಳಮ್ಮ ಪಾತ್ರೆ ಕಟ್ತಾ ಇದಾಳೆ. ನಿನ್ನ ದಳವಾಯಿಗೂ ಗೊತ್ತು. ಅವನು ಬಾಯಿ ಬಿಡಲಿಲ್ಲ."

ರಾಜೇಂದ್ರ ದೀಪುವಿನ ಕಡೆ ನೋಡಿದ. ದೀಪು ಮೇಜು ನೋಡುತ್ತಲೇ, "ಹಿನ್ನೆಲೆ ಸರಿಯಾಗಿದೆ ಗುರು," ಎಂದ.

ತನ್ನ ನಿಯಮವನ್ನು ಮೀರಲು ರಾಜೇಂದ್ರನಿಗೆ ಆಗಲಿಲ್ಲ. ಬಾಗಿಲು ಮುರಿದದ್ದನ್ನು, ಹಾಸಿಗೆಯಲ್ಲೇ ದಳವಾಯಿಯನ್ನು ಇರಿದದ್ದನ್ನು ಅವನೇ ಹೇಳಬೇಕಾಯಿತು. ಹೇಳುವಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ತಿಂಗಳ ಕೊನೆಗೆ ಸರ್ಜಾಪುರದ ಕಡೆ ಒಂದು ಶೀಟ್ ಮನೆ ಸಿಕ್ಕಿತು. ಸಾಮಾನೆಲ್ಲ ಟೆಂಪೋಗೆ ಏರಿಸಿ ಅಮ್ಮನನ್ನು ಮುಂದೆ ಕೂರಿಸಿದೆ. ರಾಜೇಂದ್ರ ಗೇಟಿನಲ್ಲಿ ನಿಂತು ಟು-ಲೆಟ್ ಬೋರ್ಡ್ ಕಟ್ಟುತ್ತಿದ್ದ. ಅವನ ಕಣ್ಣು ಒಣಗಿತ್ತು.