ದೋಷ ಕಂಡುಬಂದಿಲ್ಲ

ಆಯಿ, ನನ್ನ ತಾಯಿ, ತೀರಿಕೊಂಡ ಮರುವರ್ಷ ನಾನು ಕಾರು ಕೊಂಡೆ. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು, ನನಗೆ ನಲವತ್ತೊಂದು. ಕಮಲಾಪುರದ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಕಲಬುರಗಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಹದಿನೈದು ವರ್ಷಗಳ ರೂಢಿ. ಬಸ್ಸು ಬೇಸರವಾಗಿತ್ತೆಂದಲ್ಲ. ಆಯಿ ಹೋದ ಮೇಲೆ, ಜಗತ್ ಸರ್ಕಲ್ಲಿನ ಹಿಂದಿನ ಗಲ್ಲಿಯ ನಮ್ಮ ಮನೆಯ ಬೀಗ ತೆಗೆದು ಸಂಜೆ ಒಬ್ಬಳೇ ಒಳಗೆ ಕೂಡುವುದು ಆಗುತ್ತಿರಲಿಲ್ಲ. ಡ್ರೈವಿಂಗ್ ಕಲಿಯಲು ಹೋದರೆ ಒಂದು ತಾಸು ಕಳೆಯುತ್ತಿತ್ತು. ಕಲಿತ ಮೇಲೆ ಗಾಡಿ ಬೇಕೆನಿಸಿತು.

ಮನೆಗೆ ಬಂದ ಎರಡು ತಿಂಗಳಿಗೆ ಅದು ಮೊದಲ ಸಲ ನಿಂತಿತು. ಶನಿವಾರ, ಅರ್ಧ ದಿನದ ಕಾಲೇಜು ಮುಗಿಸಿ ಬರುತ್ತಿದ್ದೆ. ಮಹಾಗಾಂವ ಕ್ರಾಸಿನ ಹತ್ತಿರ ಸ್ಟಿಯರಿಂಗಿನ ಎದುರಿನ ಮೀಟರಿನಲ್ಲಿ ಹಳದಿ ದೀಪ ಹತ್ತಿತು, ಎಂಜಿನ್ ಸದ್ದಿಲ್ಲದೆ ಆರಿತು, ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಾಯಿತು. ಹೇಗೋ ದಂಡೆಗೆ ಉರುಳಿಸಿದೆ. ಕೀಲಿ ತಿರುವಿದರೆ ಎಂಜಿನ್ ಗೊರಗೊರ ಅನ್ನುತ್ತಿತ್ತೇ ಹೊರತು ಹಿಡಿಯುತ್ತಿರಲಿಲ್ಲ. ಎರಡೂ ಕಡೆ ಕೊಯ್ದು ಖಾಲಿಯಾದ ತೊಗರಿ ಹೊಲ. ಇಪ್ಪತ್ತು ನಿಮಿಷ ಕೂತ ಮೇಲೆ, ಏನೂ ಆಗಿಲ್ಲವೆಂಬಂತೆ ಗಾಡಿ ಚಾಲೂ ಆಯಿತು.

ಕೋಟನೂರ ಹತ್ತಿರದ ಸರ್ವಿಸ್ ಸೆಂಟರಿಗೆ ಒಯ್ದೆ. ಎಂಜಿನ್ನನ್ನು ಕಂಪ್ಯೂಟರ್ ನಡೆಸುವ ಕಾರುಗಳು ನಮ್ಮೂರಿಗೆ ಆಗತಾನೇ ಬಂದಿದ್ದವು. ಮ್ಯಾನೇಜರು ಟೈ ಕಟ್ಟಿದ್ದ ಯುವಕ. ಸ್ಟಿಯರಿಂಗಿನ ಕೆಳಗೆ ವೈರು ಸಿಕ್ಕಿಸಿ ಕೈಯಲ್ಲಿದ್ದ ಮಷೀನು ನೋಡಿದ.

"ಏನೂ ಬರವಲ್ದು ಮೇಡಂ. ಗಾಡಿ ಚಲೋ ಅದ."

"ಆದರ ನಿಂತಿತ್ತಲ್ರಿ."

"ಕ್ಲಚ್ ಮ್ಯಾಲಿನ ಕಾಲು ಲಗೂ ತೆಗ್ದಿರಬೇಕ್ರಿ. ಹೊಸದಾಗಿ ಕಲ್ತವ್ರಿಗೆ ಹಂಗ ಆಗ್ತದ."

ಸರ್ವಿಸ್ ಕಾರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದುಕೊಟ್ಟ: ದೋಷ ಕಂಡುಬಂದಿಲ್ಲ, ಮಾಲೀಕರಿಗೆ ಓಡಿಸುವ ಕ್ರಮ ತಿಳಿಸಲಾಗಿದೆ.

ಮುಂದಿನ ಏಳು ತಿಂಗಳಲ್ಲಿ ಅದು ಇನ್ನೂ ನಾಲ್ಕು ಸಲ ನಿಂತಿತು. ನಾಲ್ಕೂ ಸಲ ನಾನು ಒಬ್ಬಳೇ. ಯಾರಾದರೂ ಜೊತೆಗಿದ್ದಾಗ ಒಮ್ಮೆಯೂ ನಿಲ್ಲಲಿಲ್ಲ. ನಮ್ಮ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕಿ ಹದಿನೈದು ದಿನ ಬೆಳಿಗ್ಗೆ ಸಂಜೆ ನನ್ನ ಜೊತೆ ಬಂದರು. ಕೊನೆಗೆ, "ಒಬ್ಬರೇ ಇದ್ದೂ ಇದ್ದೂ ನಿಮಗ ಹಿಂಗೆಲ್ಲಾ ಅನಸ್ತದೇನೋ" ಎಂದು ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸೋಲಾಪುರದ ಅಣ್ಣನಿಗೆ ಫೋನು ಮಾಡಿದರೆ, "ಕಂಪ್ಯೂಟರ್ ಸುಳ್ಳು ಹೇಳ್ತದೇನು? ಆಗೂದಿಲ್ಲಂದ್ರ ಮಾರಿಬಿಡು" ಅಂದ.

ಒಂದು ಹಂತದಲ್ಲಿ ನನಗೇ ಅನುಮಾನ ಬರತೊಡಗಿತು. ಗಾಡಿ ನಿಜವಾಗಿ ನಿಂತಿತ್ತೇ, ನಾನೇ ಏನೋ ಮಾಡಿ ಮರೆತೆನೇ? ಮನೆಯಲ್ಲಿ ಇನ್ನೊಬ್ಬರಿದ್ದರೆ ಅಡುಗೆಮನೆಯಿಂದಲೇ ಕೂಗಿ ಕೇಳಬಹುದಾದ ಸಣ್ಣ ಮಾತುಗಳಿರುತ್ತವೆ: ಗ್ಯಾಸ್ ಬಂದ್ ಮಾಡಿದೆನೇ, ಈಗ ಬಾಗಿಲು ಬಡಿದ ಸದ್ದಾಯಿತೇ. ಅಂಥದ್ದನ್ನೆಲ್ಲ ನಾನು ನನ್ನನ್ನೇ ಕೇಳಿಕೊಂಡು ನಾನೇ ಉತ್ತರ ಕೊಡುತ್ತಿದ್ದೆ. ಈಗ ಆ ಉತ್ತರಗಳ ಮೇಲೂ ನಂಬಿಕೆ ಹೋಯಿತು. ಹಿಂದಿನ ಸಲದವನ್ನು ನೆನಪಿನಿಂದ ಬರೆದುಕೊಂಡು, ಆಮೇಲೆ ಗಾಡಿ ನಿಂತ ಕೂಡಲೇ ನೋಟ್‌ಬುಕ್ಕಿನಲ್ಲಿ ದಿನ, ಹೊತ್ತು, ಜಾಗ ಬರೆದಿಡಲು ಶುರುಮಾಡಿದೆ. ಅದು ಯಾರಿಗಾದರೂ ತೋರಿಸಲಿಕ್ಕೆ ಎಂದುಕೊಂಡಿದ್ದೆ. ಹೆಚ್ಚು ಸಲ ತೆರೆದು ನೋಡಿದವಳು ನಾನೇ.

ಐದನೆಯ ದೂರಿಗೆ ಮ್ಯಾನೇಜರು ಆ ನೋಟ್‌ಬುಕ್ಕನ್ನು ತೆರೆಯದೆ ವಾಪಸು ಕೊಟ್ಟ.

"ಮುಂದಿನ ಸಲ ನಿಮ್ಮ ಮನಿಯವ್ರನ್ನ ಕರ್ಕೊಂಡು ಬರ್ರಿ ಮೇಡಂ. ಅವ್ರಿಗೆ ತಿಳಿಸಿ ಹೇಳ್ತೀವಿ."

ನೋಟ್‌ಬುಕ್ ಎತ್ತಿಕೊಂಡು ಹೊರಗೆ ಬಂದೆ. ಗಾಡಿ ತೊಳೆಯುವ ಜಾಗದ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಪಕ್ಕದ ತಗಡಿನ ನೆರಳಿನಲ್ಲಿ ಅರವತ್ತರ ಹತ್ತಿರದ ಒಬ್ಬ ಮೇಸ್ತ್ರಿ ಬ್ಯಾಟರಿಗಳಿಗೆ ನೀರು ಹಾಕುತ್ತಿದ್ದರು. ಅಲ್ಲಿ ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ಮೂವತ್ತು ವರ್ಷ ವೈರಿಂಗ್ ಕೆಲಸ ಮಾಡಿದವರಂತೆ. ಕಂಪ್ಯೂಟರ್ ಬಂದ ಮೇಲೆ ಅವರಿಗೆ ಬ್ಯಾಟರಿಯಷ್ಟೇ ಉಳಿದಿತ್ತು.

"ಗಾಡಿ ಎಷ್ಟು ಹೊತ್ತಿಗಿ ನಿಂದರ್ತದಮ್ಮಾ?" ಎಂದು ಕೇಳಿದರು.

ಏಳು ತಿಂಗಳಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನೋಟ್‌ಬುಕ್ ಕೊಟ್ಟೆ. "ನನಗ ಓದಲಿಕ್ಕಿ ಉರ್ದು ಅಷ್ಟೇ ಬರ್ತದ. ನೀವೇ ಓದಿ ಹೇಳ್ರಿ" ಅಂದರು. ನಿಂತೇ ಓದಿದೆ. ಅವರು ಕೆಲಸ ಬಿಟ್ಟು ಪೂರಾ ಕೇಳಿದರು.

"ಐದೂ ಸಲ ಮಧ್ಯಾಹ್ನ. ಬಿಸಲಾಗ," ಅಂದರು. "ಗಾಡಿ ಇಲ್ಲಿಗಿ ಬರೂದ್ರಾಗ ತಣ್ಣಗಾಗಿರ್ತದ. ಮಷೀನು ಸುಳ್ಳು ಹೇಳಲ್ಲಮ್ಮಾ. ಆದರ ಪೂರಾ ಖರೇನೂ ಹೇಳಲ್ಲ."

ಭಾನುವಾರ ಅವರಿಗೆ ಸೂಟಿ. ಮಧ್ಯಾಹ್ನ ಎರಡಕ್ಕೆ ಸೂಪರ್ ಮಾರ್ಕೆಟ್ಟಿನಲ್ಲಿ ನಿಂತಿರುತ್ತೇನೆ ಅಂದರು. ಹೇಳಿದಂತೆ ನಿಂತಿದ್ದರು, ಕೈಯಲ್ಲಿ ಸಣ್ಣ ಚೀಲ. ಕಮಲಾಪುರಕ್ಕೆ ಹೋಗಿ ಬಂದೆವು. ಗಾಡಿ ನಿಲ್ಲಲಿಲ್ಲ. ನನಗೆ ನಾಚಿಕೆಯಾಯಿತು. "ಬರೂ ಐತವಾರ ಮತ್ತ ನೋಡಮಿ" ಎಂದು ಇಳಿದು ಹೋದರು. ಆ ಐತವಾರವೂ ನಿಲ್ಲಲಿಲ್ಲ. ಅವರು ಒಂದು ಸಲವೂ, ಖರೇನೇ ನಿಂತಿತ್ತೇನು ಎಂದು ಕೇಳಲಿಲ್ಲ.

ಮೂರನೆಯ ಭಾನುವಾರ ಬಿಸಿಲು ಹಿಂದಿನ ಎರಡೂ ವಾರಕ್ಕಿಂತ ಜೋರಾಗಿತ್ತು. ಮಹಾಗಾಂವ ದಾಟುತ್ತಿದ್ದಂತೆ ಹಳದಿ ದೀಪ ಹತ್ತಿತು, ಎಂಜಿನ್ ಆರಿತು. ನಾನು ಜೋರಾಗಿ ನಕ್ಕುಬಿಟ್ಟೆ. "ನಿಂತ್ತು ಚಾಚಾ! ನೋಡ್ರಿ, ನಿಂತ್ತು!"

"ನೋಡ್ದೆ ಅಮ್ಮಾ, ನೋಡ್ದೆ," ಎಂದು ಅವರೂ ನಗುತ್ತಾ ಇಳಿದರು.

ಬಾನೆಟ್ ಎತ್ತಿ ಅರಿವೆ ಸುತ್ತಿದ ಕೈಯನ್ನು ಎಂಜಿನ್ನಿನ ಸಂದಿಗೆ ಹಾಕಿದರು. ನನ್ನ ಕುಡಿಯುವ ನೀರಿನ ಬಾಟಲಿ ಕೇಳಿ ಇಸಕೊಂಡು, ಒಂದೇ ಜಾಗಕ್ಕೆ ನಿಧಾನವಾಗಿ ಸುರಿದರು. "ಈಗ ಕೀಲಿ ಹೊಡೀರಿ."

ಗಾಡಿ ಚಾಲೂ ಆಯಿತು.

ಅವರು ನೀರು ಸುರಿದದ್ದು ಹೆಬ್ಬೆರಳಿನಷ್ಟು ದೊಡ್ಡ ಸೆನ್ಸರ್ ಮೇಲೆ. ಎಂಜಿನ್ ತಿರುಗುತ್ತಿದೆ ಎಂಬುದನ್ನು ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ. ಒಳಗಿನ ತಂತಿಯ ಸುರುಳಿ ಕಾದಾಗ ಎಲ್ಲೋ ಬಿಟ್ಟುಕೊಳ್ಳುತ್ತಿತ್ತು, ತಣಿದಾಗ ಕೂಡಿಕೊಳ್ಳುತ್ತಿತ್ತು. ಕಾದ ಲೋಹ ಹಿಗ್ಗುತ್ತದೆಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವಳು ನಾನು.

ಕಮಲಾಪುರದವರೆಗೂ ಹೋಗಿ ಕೆಂಪು ಬಾಳೆಹಣ್ಣು ಕೊಂಡು ಬೇವಿನ ನೆರಳಿನಲ್ಲಿ ತಿಂದೆವು.

"ಮನ್ಯಾಗ ಯಾರ್ಯಾರ ಅದಾರ?" ಎಂದು ಕೇಳಿದರು.

"ನಾನೊಬ್ಬಾಕಿನೇ."

ಅಯ್ಯೋ ಪಾಪ ಅನ್ನಲಿಲ್ಲ. ಇನ್ನೊಂದು ಹಣ್ಣು ಸುಲಿಯುತ್ತಾ, "ಹಂಗಾರ ಬ್ಯಾಟರಿ ನೀರು ನೀವೇ ನೋಡ್ಕೋಬೇಕು. ತಿಂಗಳಿಗೊಮ್ಮೆ. ಮರೀಬ್ಯಾಡ್ರಿ," ಅಂದರು.

ಮರುದಿನ ಸರ್ವಿಸ್ ಸೆಂಟರಿನಲ್ಲಿ ಸೆನ್ಸರ್ ಬದಲಾಯಿಸಿದರು. ತಮ್ಮ ತಪಾಸಣೆಯಲ್ಲಿ ದೋಷ ಪತ್ತೆಯಾಯಿತೆಂದು ಕಾರ್ಡಿನಲ್ಲಿ ಮ್ಯಾನೇಜರು ಬರೆದ. ಚಾಚಾ ಹೆಸರೂ ಹಾಕ್ರಿ ಅಂದೆ. "ಹಂಗೆಲ್ಲಾ ಹಾಕಲಿಕ್ಕೆ ಬರೂದಿಲ್ಲ ಮೇಡಂ" ಅಂದ. ಕಂಪನಿಗೆ ಎರಡು ಪುಟದ ಪತ್ರ ಬರೆದು, ದೋಷ ಹುಡುಕಿದವರು ಆ ಮೇಸ್ತ್ರಿಯೇ ಎಂದು ತಿಳಿಸಿದೆ. ಉತ್ತರ ಬರಲಿಲ್ಲ. ಅಣ್ಣನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಲು ಹೊರಟೆ. "ಈಗ ಸರಿ ಆತಲ್ಲ, ಬಿಡು" ಅಂದ. ನೀರು ಸುರಿದ ಭಾಗದವರೆಗೆ ಕಥೆ ಹೋಗಲೇ ಇಲ್ಲ.

ಮೂರು ತಿಂಗಳ ನಂತರ ಸರ್ವಿಸಿಗೆ ಹೋದಾಗ ತಗಡಿನ ನೆರಳಿನಲ್ಲಿ ಬೇರೆ ಯಾರೋ ಇದ್ದರು. ಚಾಚಾ ಕೆಲಸ ಬಿಟ್ಟರು, ಹೈದರಾಬಾದಿನ ಮಗಳ ಮನೆಗೆ ಹೋದರೋ ಏನೋ, ಸರಿಯಾಗಿ ಗೊತ್ತಿಲ್ಲ ಅಂದರು.

ಆ ಭಾನುವಾರ ಊಟ ಮುಗಿಸಿ ಎರಡು ಗಂಟೆಗೆ ಗಾಡಿ ತೆಗೆದೆ. ಕಮಲಾಪುರದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಚಾಚಾ ಪಕ್ಕದಲ್ಲಿ ಕೂತಿದ್ದಾಗಿನಂತೆ ಅರವತ್ತರ ವೇಗದಲ್ಲೇ ಹೋದೆ. ಕಾಲೇಜಿನ ಮುಚ್ಚಿದ ಗೇಟಿನ ಮುಂದೆ ತಿರುಗಿಸಿಕೊಂಡು ವಾಪಸು ಬಂದೆ. ದಾರಿಯಲ್ಲಿ ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಮನೆ ಮುಂದೆ ಎಂಜಿನ್ ಬಂದ್ ಮಾಡಿದ ಮೇಲೂ ತುಸು ಹೊತ್ತು ಒಳಗೇ ಕೂತಿದ್ದೆ.