ಪಟ್ಟಿ ಬರೆಯುತ್ತಿದ್ದ ಕಂಡಕ್ಟರ್

ರಾಯಾಪುರದ ನಮ್ಮ ಹವ್ಯಾಸಿ ಕಬಡ್ಡಿ ಬಳಗದಲ್ಲಿ ಆಟಗಾರರ ಪಟ್ಟಿ ಬರೆಯುತ್ತಿದ್ದವರು ಒಬ್ಬ ನಿವೃತ್ತ ಕಂಡಕ್ಟರ್. ಕಿವಿಯ ಮೇಲೆ ಪೆನ್ನು, ಮಾತಿಗೊಮ್ಮೆ “ಬರದದ್ದ ಖರೇ ನೋಡ್ರಿ.”

ಒಂದು ಪಂದ್ಯದ ಬೆಳಿಗ್ಗೆ ವಾರ್ಡಿನ ಪುಢಾರಿ ಬಂದ. ನಮ್ಮ ಮುಖ್ಯ ರೈಡರ್‌ನ ತಂದೆ ಚುನಾವಣೆಯಲ್ಲಿ ಎದುರು ಪಕ್ಷದ ಪರ ಪ್ರಚಾರ ಮಾಡಿದ್ದರಂತೆ.

“ಅವನ ಹೆಸರು ತಗೀರಿ ಕಾಕಾ. ಇಲ್ಲಾಂದ್ರ ಈ ಮೈದಾನ ಮರತಬಿಡ್ರಿ.”

ಪದವೀಧರ ಸಂಘಟಕರಾದ ನಾವೆಲ್ಲ ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದೆವು. ನಾನೂ ಕಟ್ಟಿಕೊಂಡ ನೆನಪು. ಆದರೆ ಅಂದು ನಾನು ಹಾಕಿದ್ದು ಚಪ್ಪಲಿ ಇರಬೇಕು.

ಕಂಡಕ್ಟರ್ ಕಾಕಾ ಪುಢಾರಿಯತ್ತ ಪೆನ್ನು ಚಾಚಿದರು. “ಹೆಸರಿನ ಮ್ಯಾಲ ನೀವ ಗೀಟು ಹೊಡೀರಿ. ಬಾಜೂಕ ಕಾರಣ ಬರದು ಸಹಿ ಮಾಡ್ರಿ.”

ಬಾರದ ಫೋನನ್ನು ಕಿವಿಗಿಟ್ಟುಕೊಂಡು ಪುಢಾರಿ ಹೊರಟ. ರೈಡರ್ ಅಂಕಣಕ್ಕಿಳಿದ. ನಾವು ಜೋರಾಗಿ ಚಪ್ಪಾಳೆ ತಟ್ಟಿದೆವು.

ಕಾಕಾ ನಮ್ಮತ್ತ ತಿರುಗಿ ನೋಡಿದರು. “ಎಲ್ಲಾರಿಗೂ ಕೈ ಈಗ ಬಂದೂವೇನ್ರಿ?”